ಮೂರು ಬೀಗದ ಕೈ, ಒಂದೇ ಮೊಳೆ

ಮಣಲಿಯಲ್ಲಿ ಕಂಪ್ಯೂಟರಿನ ಕಡತಗಳಿಗೂ ಮಳೆಯ ಭಯವಿದೆ. ಉತ್ತರ ಚೆನ್ನೈನ ಈ ತಗ್ಗಿನಲ್ಲಿ 1960ರ ದಶಕದಿಂದ ತೈಲ ಶುದ್ಧೀಕರಣಾಗಾರ, ರಸಗೊಬ್ಬರದ ಕಾರ್ಖಾನೆ, ಅವುಗಳ ಬೆನ್ನಿಗೆ ಹತ್ತಾರು ಸಣ್ಣ ಉದ್ದಿಮೆಗಳು ಬೆಳೆದವು. 2015ರ ಡಿಸೆಂಬರಿನ ನೆರೆ ಸಾಲದೆಂಬಂತೆ 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂತು. ಆ ಸಲ ನೀರಿನ ಮೇಲೆ ಎಣ್ಣೆಯೂ ತೇಲಿ ಎಣ್ಣೂರು ಅಳಿವೆ ಸೇರಿತು. ಇಂಥ ಊರಿನ ಕಚೇರಿಗೆ, ಕೆಳಮಹಡಿಯ ಸರ್ವರ್ ಬಿಟ್ಟು ಎಲ್ಲರೂ ಬಳಸುವ ಫೋಲ್ಡರನ್ನು ಕ್ಲೌಡಿಗೆ ಸಾಗಿಸಿ ಎಂದರೆ ಅದು ಒಳ್ಳೆಯ ಸಲಹೆಯೇ. ನನ್ನ ತಕರಾರು ಸಾಗಿಸುವ ಪರಿಯ ಬಗ್ಗೆ. ಮೈಕ್ರೋಸಾಫ್ಟಿನ ಕ್ಲೌಡ್ ಸೇವೆ ಅಜ್ಯೂರ್‌ನ ದಕ್ಷಿಣ ಭಾರತ ವಲಯ ಇರುವುದು ಚೆನ್ನೈನಲ್ಲೇ. ಹತ್ತಿರದ್ದು, ವೇಗ ಎಂದು ಅದನ್ನೇ ಆರಿಸಿ, ನಕಲಿನ ಆಯ್ಕೆಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಒತ್ತಿದರೆ ಮೂರು ಪ್ರತಿ ಸಿಗುತ್ತವೆ, ಮೂರೂ ಒಂದೇ ಜಾಗದಲ್ಲಿ. ಮನೆಗೆ ಮೂರು ಬೀಗದ ಕೈ ಮಾಡಿಸಿ ಮೂರನ್ನೂ ಒಂದೇ ಮೊಳೆಗೆ ತೂಗುಹಾಕಿದ ಹಾಗೆ.

ಡೇಟಾ ಸೆಂಟರ್ ಅಂದರೆ ಗುಮಾಸ್ತರ ಕೋಣೆಯಲ್ಲ, ಅಲ್ಲಿಗೆ ನೀರು ನುಗ್ಗುವುದು ಸುಲಭವಲ್ಲ ಎನ್ನಬಹುದು. ಒಪ್ಪೋಣ. ಆದರೂ ಕಾರ್ಖಾನೆ ಮುಳುಗಿದ ದಿನವೇ ಅದರ ಕಡತಗಳೂ ಅದೇ ಊರಿನ ವಿದ್ಯುತ್ತು, ಕೇಬಲ್ಲುಗಳನ್ನು ನಂಬಿ ಕೂತಿರಬೇಕೇ? ಪುಣೆಯ ವಲಯದಲ್ಲಿ ಇನ್ನೊಂದು ನಕಲು ಇಡುವ ಆಯ್ಕೆಯಿದೆ. ಅದಕ್ಕೆ ದುಡ್ಡು ಹೆಚ್ಚು. ನಕಲು ತುಸು ತಡವಾಗಿ ತಲುಪುವುದರಿಂದ ಕೊನೆಯ ಕೆಲವು ನಿಮಿಷಗಳ ಬರವಣಿಗೆ ಕಳೆದುಹೋಗಲೂಬಹುದು. ಎಸ್‌ಎಸ್‌ಡಿ ಮೇಲಿನ ದುಬಾರಿ ಬಗೆಯ ಸಂಗ್ರಹಕ್ಕೆ ಈ ದೂರದ ನಕಲಿನ ಸೌಲಭ್ಯವೇ ಇಲ್ಲ: ವೇಗ ಬೇಕೋ, ದೂರ ಬೇಕೋ ಎಂದು ಮೊದಲೇ ತೀರ್ಮಾನಿಸಬೇಕು. ಖರೀದಿ ಬಿಲ್ಲು, ಪೈಪಿನ ನಕ್ಷೆಗಳಿಗೆ ಎಸ್‌ಎಸ್‌ಡಿ ವೇಗ ಯಾತಕ್ಕೆ? ಪುಣೆಯೂ ಎಲ್ಲದಕ್ಕೂ ಮದ್ದಲ್ಲ. ಗೋದಾಮಿನ ದಾಸ್ತಾನು ಲೆಕ್ಕವನ್ನು ಯಾರೋ ಕೈತಪ್ಪಿ ಅಳಿಸಿದರೆ ಆ ಅಳಿಸುವಿಕೆಯೂ ನಿಷ್ಠೆಯಿಂದ ಎಲ್ಲ ಪ್ರತಿಗಳಿಗೂ ಹೋಗುತ್ತದೆ. ಅಳಿಸಿದ್ದನ್ನು ಕೆಲಕಾಲ ಉಳಿಸಿಡುವ 'ಸಾಫ್ಟ್ ಡಿಲೀಟ್' ಇದೆಯಲ್ಲ ಎಂದು ನೆಮ್ಮದಿಯಿಂದಿರುವವರು ಗಮನಿಸಬೇಕು: ಅಜ್ಯೂರ್‌ನ ಕಡತ ಸೇವೆಯಾದ ಅಜ್ಯೂರ್ ಫೈಲ್ಸ್‌ನಲ್ಲಿ ಅದು ಕಾಯುವುದು ಇಡೀ ಶೇರನ್ನು (ಎಲ್ಲರೂ ಬಳಸುವ ಫೋಲ್ಡರನ್ನು), ಅದರೊಳಗಿನ ಒಂಟಿ ಫೈಲನ್ನಲ್ಲ. ಫೈಲಿಗೆ ಬೇಕಾದದ್ದು ಸ್ನ್ಯಾಪ್‌ಶಾಟ್, ಅಂದರೆ ಒಂದು ಕ್ಷಣದಲ್ಲಿ ಶೇರು ಹೇಗಿತ್ತೋ ಹಾಗೆಯೇ ಹಿಡಿದಿಟ್ಟ ಪ್ರತಿ. ಒಂದು ಶೇರಿಗೆ 200ರವರೆಗೆ ಇಡಬಹುದು, ಬದಲಾದ ಭಾಗವಷ್ಟೇ ಜಾಗ ತಿನ್ನುವುದರಿಂದ ಖರ್ಚಿನ ನೆಪವೂ ನಿಲ್ಲದು. ಆಗ ವಿಂಡೋಸ್‌ನಲ್ಲಿ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರೀವಿಯಸ್ ವರ್ಷನ್ಸ್' ತೆರೆದರೆ ನಿನ್ನೆಯ ಲೆಕ್ಕ ಅಲ್ಲಿರುತ್ತದೆ. ಸ್ನ್ಯಾಪ್‌ಶಾಟ್ ತೆಗೆದಿರದಿದ್ದರೆ ಆ ಪಟ್ಟಿ ಖಾಲಿ.