ಬಯಲಲ್ಲೂ ಭಯವಿದೆ

ಕಡೂರಿನ ಹತ್ತಿರ ಬಾಸೂರು ಕಾವಲಿದೆ. ಅಮೃತಮಹಲ್ ದನಗಳು ಮೇಯುತ್ತಿದ್ದ ಹಳೆಯ ಹುಲ್ಲುಗಾವಲು, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಒಂದು ಸಂಜೆ ಅಲ್ಲಿ ನಿಂತಿದ್ದಾಗ, ಮೇಯುತ್ತಿದ್ದ ಕೃಷ್ಣಮೃಗಗಳೆಲ್ಲ ಒಮ್ಮೆಲೇ ತಲೆಯೆತ್ತಿ ನನ್ನ ಬೆನ್ನ ಹಿಂದೆ ಎತ್ತಲೋ ನೋಡಿದವು. ತಿರುಗಿದೆ. ಹುಲ್ಲು ಬಿಟ್ಟರೆ ಏನೂ ಇಲ್ಲ. ಆದರೂ ಎದೆ ಧಸಕ್ಕೆಂದಿತು. ಥ್ರಿಲ್ಲರ್ ಸಿನಿಮಾದ ಕ್ಯಾಮೆರಾ ಮಾಡಬೇಕಾದ ಕೆಲಸ ಇದೇ ಅನ್ನಿಸಿತು: ಕಂಡವರ ಕಣ್ಣು ತೋರಿಸಬೇಕು, ಕಂಡದ್ದನ್ನು ತಡೆಹಿಡಿಯಬೇಕು.

ಕನ್ನಡದಲ್ಲಿ ಈ ಮರ್ಮ ಬಲ್ಲವರು ಸುನಿಲ್ ಕುಮಾರ್ ದೇಸಾಯಿ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಆಧರಿಸಿ ಅವರು ಮಾಡಿದ ‘ಬೆಳದಿಂಗಳ ಬಾಲೆ’ (1995) ಕೊಲೆ, ರಕ್ತದ ಚಿತ್ರವಲ್ಲ. ಅನಂತ್ ನಾಗ್ ಇಲ್ಲಿ ಚೆಸ್ ಆಟಗಾರ ರೇವಂತ್. ಅವನಿಗೆ ಅಪರಿಚಿತ ಹೆಣ್ಣೊಬ್ಬಳ ಫೋನ್ ಬರುತ್ತದೆ. ಫೋನ್ ಮಾತೆಂದರೆ ಈ ತುದಿಯ ಮುಖ ಒಮ್ಮೆ, ಆ ತುದಿಯ ಮುಖ ಒಮ್ಮೆ ತೋರಿಸುವುದು ಸಿನಿಮಾದ ವಾಡಿಕೆ. ದೇಸಾಯಿ ಆ ತುದಿಯ ಮುಖವನ್ನು ಕೊಡುವುದೇ ಇಲ್ಲ. ಹಾಗಾಗಿ ಕ್ಲೋಸಪ್ಪಿನ ಭಾರವೆಲ್ಲ ಕೇಳುವವನ ಮೇಲೆ ಬೀಳುತ್ತದೆ. ರಿಸೀವರ್ ಕಿವಿಗಿಟ್ಟ ಅನಂತ್ ನಾಗ್ ಮುಖದಲ್ಲಿ ನಾವು ಅವಳನ್ನು ಹುಡುಕುತ್ತೇವೆ, ಅವನ ಜೊತೆ ಉಸಿರು ಹಿಡಿಯುತ್ತೇವೆ. ಅಡಗಿಸಿಟ್ಟ ಒಂದೇ ಮುಖದ ಮೇಲೆ ಇಡೀ ಚಿತ್ರ ನಿಂತಿರುವುದು ಸಣ್ಣ ಸಾಧನೆಯಲ್ಲ.

ದೇಸಾಯಿಯವರದೇ ‘ನಿಷ್ಕರ್ಷ’ (1993) ಬೇರೆ ಬಗೆಯದು. ಮಣಿಪಾಲದ ಒಂದು ಬ್ಯಾಂಕ್ ಕಟ್ಟಡ, ಒಳಗೆ ದರೋಡೆಕೋರರು ಮತ್ತು ಒತ್ತೆಯಾಳುಗಳು, ಹಾಡುಗಳಿಲ್ಲ. ಯಾರು ಎಲ್ಲಿದ್ದಾರೆಂಬ ಅಂದಾಜು ನಮಗಿರುವುದರಿಂದಲೇ ಮೆಟ್ಟಿಲಿನ ತಿರುವು ಹೆದರಿಸುತ್ತದೆ. ಮೇಜಿನ ಕೆಳಗೆ ಬಾಂಬಿದೆಯೆಂದು ಪ್ರೇಕ್ಷಕರಿಗೆ ಮೊದಲೇ ಗೊತ್ತಿರಬೇಕು, ಸುತ್ತ ಕೂತವರಿಗೆ ಗೊತ್ತಿರಬಾರದು ಎಂಬ ಹಿಚ್‌ಕಾಕ್ ಸೂತ್ರವೂ ಇದೇ.

ಈಚಿನ ನಮ್ಮ ಥ್ರಿಲ್ಲರ್‌ಗಳ ಮೇಲೆ ನನ್ನ ತಕರಾರು ಇಲ್ಲಿಂದ ಶುರು. ‘ರಂಗಿತರಂಗ’ (2015) ಗೆದ್ದ ಮೇಲೆ ಮಂಜು, ದಟ್ಟ ಕಾಡು, ಒಂಟಿ ಮನೆ ಎಂದರೆ ಭಯ ತಾನಾಗಿ ಬರುತ್ತದೆಂದು ಬಹಳ ಜನ ನಂಬಿದಂತಿದೆ. ಆ ಚಿತ್ರಕ್ಕೆ ಅವು ಹೊಂದಿದವು, ಎಲ್ಲಕ್ಕೂ ಹೊಂದುವುದಿಲ್ಲ. ಮೇಲಿಂದ ಡ್ರೋನ್ ಶಾಟ್ ಕಾಡನ್ನು ಚಂದ ಕಾಣಿಸುತ್ತದೆ, ಆದರೆ ಅದು ಯಾರ ಕಣ್ಣೂ ಅಲ್ಲ. ಯಾರ ಕಣ್ಣೂ ಅಲ್ಲದ ನೋಟಕ್ಕೆ ಎದೆ ನಡುಗುವುದಿಲ್ಲ. ಪವನ್ ಕುಮಾರ್ ಅವರಿಗೆ ‘ಯೂ ಟರ್ನ್’ (2016) ಚಿತ್ರದಲ್ಲಿ ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆ ಸಾಕಾಯಿತು. ರಸ್ತೆ ವಿಭಜಕದಿಂದ ಸರಿಸಿದ ಸಿಮೆಂಟ್ ಕಲ್ಲುಗಳನ್ನು ಕಂಡರೇ ಅಳುಕಾಗುವಂತೆ ಮಾಡಿದರು.

ಬರೀ ಬಯಲೂ ಸಾಕು. ಹಿಚ್‌ಕಾಕ್ 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರದಲ್ಲಿ ನಾಯಕನನ್ನು ಬಸ್ಸಿನಿಂದ ಇಳಿಸಿ ಖಾಲಿ ಬಯಲಿನ ರಸ್ತೆಯಲ್ಲಿ ಒಂಟಿಯಾಗಿ ನಿಲ್ಲಿಸುತ್ತಾರೆ. ಹಾಡುಹಗಲು, ಹಿನ್ನೆಲೆ ಸಂಗೀತವಿಲ್ಲ. ದೂರದಲ್ಲಿ ಔಷಧಿ ಸಿಂಪಡಿಸುವ ಪುಟ್ಟ ವಿಮಾನ. ಬೆಳೆಯೇ ಇಲ್ಲದ ಕಡೆ ಸಿಂಪಡಿಸುತ್ತಿದೆ! ಎಲ್ಲವೂ ಕಾಣುತ್ತಿದೆ, ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲವೆನಿಸುತ್ತದೆ.

ಅಂಥ ಬಯಲು ನಮ್ಮಲ್ಲಿ ಬೇಕಾದಷ್ಟಿದೆ. ಅಜ್ಜಂಪುರದ ಕಡೆ ರಾತ್ರಿ ರೈಲಿನ ದೀಪ ಸದ್ದಿಗಿಂತ ಎಷ್ಟೋ ಮೊದಲು ಕಾಣುತ್ತದೆ; ಅದು ಹತ್ತಿರವಾಗುವವರೆಗೆ ಶಾಟ್ ಕತ್ತರಿಸದೆ ಕಾಯುವ ಧೈರ್ಯವೊಂದು ಬೇಕು. ಹೊಸ ನಿರ್ದೇಶಕರು ಒಮ್ಮೆ ಈ ಕಡೆ ಬರಲಿ. ಬಾಸೂರಿನಲ್ಲಿ ಟ್ರೈಪಾಡ್ ನೆಟ್ಟು, ಜಿಂಕೆಗಳು ತಲೆಯೆತ್ತಿದಾಗ ಕ್ಯಾಮೆರಾ ತಿರುಗಿಸದೆ ಇರಲಿ.