ಬಿಟ್ಟು ಹೋಗುವ ಹಕ್ಕು ಯಾರದು?

2022ರ ಮಾರ್ಚ್ 23ರಂದು ಆಸ್ಟ್ರೇಲಿಯಾದ ಆ್ಯಶ್ ಬಾರ್ಟಿ ಟೆನಿಸ್ ಬಿಟ್ಟರು. ಆಗ ಆಕೆಗೆ ವಯಸ್ಸು 25. ಜಗತ್ತಿನ ನಂಬರ್ ಒಂದು ಆಟಗಾರ್ತಿ. ಸತತ 114 ವಾರ ಆ ಸ್ಥಾನದಿಂದ ಅಲ್ಲಾಡದವರು. ಎರಡು ತಿಂಗಳ ಹಿಂದಷ್ಟೇ ಮೆಲ್ಬೋರ್ನಿನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದರು. ಆ ದೇಶದವರೇ ಒಬ್ಬರು ಅಲ್ಲಿ ಸಿಂಗಲ್ಸ್ ಗೆದ್ದು 44 ವರ್ಷ ಆಗಿತ್ತು. ಇಂಥ ಹೊತ್ತಿನಲ್ಲಿ ಹಳೆಯ ಗೆಳತಿ ಕೇಸಿ ಡೆಲಾಕ್ವಾ ಪಕ್ಕದಲ್ಲಿ ಕೂತು, ಸಾಕು, ಇನ್ನು ಆಡುವುದಿಲ್ಲ ಅಂದುಬಿಟ್ಟರು.

ಹೇಳಿದ್ದು ಬಹಳ ಸರಳ. ದೇಹದಲ್ಲಿ ಕೊಡಲಿಕ್ಕೆ ಇನ್ನೇನೂ ಉಳಿದಿಲ್ಲ. ವಿಂಬಲ್ಡನ್ ಗೆಲ್ಲುವುದೊಂದು ಕನಸಾಗಿತ್ತು, ಅದಾಯಿತು. ಇನ್ನು ಬೇರೆ ಕನಸುಗಳ ಹಿಂದೆ ಹೋಗುತ್ತೇನೆ. ಇಷ್ಟೇ.

ಇಷ್ಟು ಹೇಳಿದ ಮೇಲೆ ಪ್ರಶ್ನೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಅಲ್ಲಿಂದಲೇ ಶುರುವಾಯಿತು. ಗಾಲ್ಫ್ ಆಡ್ತಾಳಂತೆ. ಪುನಃ ಕ್ರಿಕೆಟಿಗೆ ಹೋಗ್ತಾಳಂತೆ. ಮದುವೆ ನಿಶ್ಚಯ ಆಗಿದೆಯಲ್ಲ, ಮಗುವಿನ ವಿಷಯ ಇರಬೇಕು. ಗಾಯ ಮುಚ್ಚಿಟ್ಟಿದ್ದಾಳೆ. ಎರಡು ವರ್ಷ ತಡೀರಿ, ವಾಪಸು ಬರ್ತಾಳೆ. ಆ ವಾರ ನೆಲ್ಯಾಡಿ ಪೇಟೆಯಲ್ಲಿ, ಹೆದ್ದಾರಿ ಬದಿಯ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಇಡೀ ಜಗತ್ತಿನ ಊಹಾಪೋಹವನ್ನು ಒಂದೇ ಮಾತಿನಲ್ಲಿ ಹಿಡಿದುಕೊಟ್ಟರು: "ಏನೋ ಉಂಟು ಮಾರಾಯ್ರೆ. ಇಲ್ಲದಿದ್ರೆ ಯಾರಾದ್ರೂ ಕೋಟಿ ಬಿಟ್ಟು ಹೋಗ್ತಾರಾ?"

ಈ 'ಏನೋ ಉಂಟು' ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇದು ಬರೀ ಕುತೂಹಲ ಅಲ್ಲ. ನಮಗೆ ಈ ಮಾತು ಮೊದಲೇ ಗೊತ್ತಿದೆ. ನಮ್ಮ ಅಪ್ಪ ಒಂದು ದಿನ ಕೆಲಸಕ್ಕೆ ಹೋಗದಿದ್ದರೆ ಧಣಿಯ ಮನೆಯ ಅಂಗಳದಲ್ಲಿ ಕೇಳುತ್ತಿದ್ದದ್ದು ಇದೇ ಮಾತು. ಏನೋ ಉಂಟು. ಯಾರೋ ತಲೆ ಕೆಡಿಸಿದ್ದಾರೆ. ಮೈ ನೋಯುತ್ತಿದೆ, ಇವತ್ತು ಆಗುವುದಿಲ್ಲ ಅಂದರೆ ನಂಬುವವರಿಲ್ಲ. ದುಡಿಯುವವನ ಮೈ ದುಡಿಸುವವನದ್ದು. ಅದು ಸಾಕು ಅನ್ನಬೇಕಾದರೆ ಧಣಿಯ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಸಾಕು ಅಂದರೆ ಅದರ ಹಿಂದೆ ಪಿತೂರಿ ಇರಲೇಬೇಕು. ಈ ನಂಬಿಕೆಯೇ ಮೆಲ್ಬೋರ್ನಿಗೆ ಹೋದಾಗ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕ್ರೀಡಾ ವಿಶ್ಲೇಷಣೆ ಆಗುತ್ತದೆ. ಟಿಕೇಟು ಕೊಂಡವನು, ಜಾಹೀರಾತು ಕೊಟ್ಟವನು, ಟಿವಿ ಹಕ್ಕು ಹಿಡಿದವನು, ಎಲ್ಲರೂ ಆ ಮೈಯಲ್ಲಿ ಪಾಲುದಾರರು. ಪಾಲುದಾರರಿಗೆ ಲೆಕ್ಕ ಒಪ್ಪಿಸದೆ ಹೋದದ್ದೇ ಆಕೆಯ ತಪ್ಪು.

ಗಂಡಸರು ಬಿಟ್ಟಾಗ ಜನ ಕೇಳಲಿಲ್ಲವೇ ಅನ್ನಬಹುದು. ಕೇಳಿದ್ದಾರೆ. 1983ರಲ್ಲಿ ಬ್ಯೋನ್ ಬೋರ್ಗ್ 26ನೇ ವಯಸ್ಸಿಗೆ ಆಟ ಬಿಟ್ಟಾಗಲೂ ಕೇಳಿದ್ದರು. ಆದರೆ ಹೆಣ್ಣಿಗೆ ಕೇಳುವಾಗ ಪ್ರಶ್ನೆ ನೇರ ಬಸಿರಿಗೇ ಹೋಗಿ ಮುಟ್ಟುತ್ತದೆ. 2025ರ ನವೆಂಬರಿನಲ್ಲಿ ನಮ್ಮ ರೋಹನ್ ಬೋಪಣ್ಣ 45ನೇ ವಯಸ್ಸಿನಲ್ಲಿ ವಿದಾಯ ಹೇಳಿದರು. ಕೊಡಗಿನ ಕಾಫಿ ತೋಟದ ಮನೆತನದವರು. 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒಂದು ಆದವರು. ಅಷ್ಟು ವರ್ಷ ಆಡಿದ್ದು ದೊಡ್ಡ ಸಾಧನೆಯೇ, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುವುದಿಷ್ಟೆ: ಅವರು ತಮಗೆ ಬೇಕಾದಾಗ ನಿಂತರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಘನತೆ ಅವರಿಗೆ ಸಿಕ್ಕಿತು, ಸಿಗಬೇಕಾದದ್ದೇ. ಎಲ್ಲರಿಗೂ ಯಾಕೆ ಸಿಗುವುದಿಲ್ಲ ಎನ್ನುವುದು ನಮ್ಮ ಪ್ರಶ್ನೆ.

ಬಾರ್ಟಿ ಯಾರು? ತಂದೆಯ ಕಡೆಯಿಂದ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ನರಿಗೊ ಜನಕ್ಕೆ ಸೇರಿದವರು. ಆಕೆಗಿಂತ ಮೊದಲು ಆ ದಾರಿಯಲ್ಲಿ ನಡೆದವರು ವಿರಾಜುರಿ ಜನದ ಇವಾನ್ ಗೂಲಗಾಂಗ್. ಗೂಲಗಾಂಗ್ ಮಗುವಾಗಿದ್ದಾಗ ಊರಿನ ರಸ್ತೆಯಲ್ಲಿ ಹೊಸ ಕಾರು ಕಂಡರೆ ತಾಯಿ ಮಕ್ಕಳನ್ನು ಬಚ್ಚಿಡುತ್ತಿದ್ದರಂತೆ. ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರದವರೇ ಮನೆಯಿಂದ ಕಿತ್ತು ಒಯ್ಯುತ್ತಿದ್ದ ಕಾಲ ಅದು. ಆ ಮಗುವೇ 1971ರಲ್ಲಿ ವಿಂಬಲ್ಡನ್ ಗೆದ್ದಿತು. ಸರಿಯಾಗಿ 50 ವರ್ಷದ ಮೇಲೆ, 2021ರಲ್ಲಿ, ಗೂಲಗಾಂಗರ ಆ ಉಡುಪನ್ನು ನೆನಪಿಸುವ ಉಡುಪು ತೊಟ್ಟು ಬಾರ್ಟಿ ವಿಂಬಲ್ಡನ್ ಗೆದ್ದರು.

ಇಲ್ಲಿ ನಮ್ಮವರಿಗೂ ಒಂದು ಎಚ್ಚರಿಕೆ ಹೇಳಬೇಕು. ನಮಗೂ ಊಹಾಪೋಹದ ಚಟ ಉಂಟು. 'ಮೂಲನಿವಾಸಿ ಹೆಣ್ಣೊಬ್ಬಳು ಬಿಳಿಯರ ಆಟಕ್ಕೆ ಒದ್ದು ಎದ್ದು ಬಂದಳು' ಅಂತ ಒಂದು ಬಂಡಾಯ ಕವನ ಬರೆಯಲು ಹತ್ತು ನಿಮಿಷ ಸಾಕು. ಓದಿದರೆ ಸಭೆಯಲ್ಲಿ ಚಪ್ಪಾಳೆಯೂ ಬೀಳುತ್ತದೆ. ಆದರೆ ಆಕೆ ಹಾಗೆ ಹೇಳಿಲ್ಲ. ದಣಿದಿದ್ದೇನೆ ಅಂದಿದ್ದಾರೆ. ಆ ಮಾತನ್ನು ಪಕ್ಕಕ್ಕಿಟ್ಟು ನಮ್ಮ ಮಾತನ್ನು ಆಕೆಯ ಬಾಯಿಗೆ ತುರುಕಿದರೆ ಗಾಲ್ಫಿನವರಿಗೂ ನಮಗೂ ಏನು ವ್ಯತ್ಯಾಸ? ಆಕೆ 2014ರಲ್ಲೂ ಒಮ್ಮೆ ಬಿಟ್ಟಿದ್ದರು, 18ರ ವಯಸ್ಸಿನಲ್ಲಿ. ಬ್ರಿಸ್ಬೇನಿನ ತಂಡಕ್ಕೆ ಕ್ರಿಕೆಟ್ ಆಡಿದರು. 2016ರಲ್ಲಿ ತಾನಾಗಿಯೇ ವಾಪಸು ಬಂದರು. ಹೋದದ್ದೂ ಬಂದದ್ದೂ ತನ್ನಿಷ್ಟದಂತೆ. ಶೋಷಿತರ ಮಗಳೊಬ್ಬಳು ಕಾರಣದ ಪಟ್ಟಿ ಕೊಡದೆ, ಬರೀ ಸಾಕಾಯಿತು ಅಂತ ಎದ್ದು ಹೋಗಬಲ್ಲಳು ಎನ್ನುವುದೇ ದೊಡ್ಡ ಸುದ್ದಿ. ಅದಕ್ಕೆ ನಮ್ಮ ಅಲಂಕಾರ ಬೇಡ.

ಕಾರಣವನ್ನು ಬಾಯಿಬಿಟ್ಟು ಹೇಳಿದರೂ ಜನ ಬೇರೆ ಕಾರಣ ಹುಡುಕುತ್ತಾರೆ ಎಂಬುದು ಬಾಬಾಸಾಹೇಬರಿಗೆ ಗೊತ್ತಿತ್ತು. 1951ರ ಸೆಪ್ಟೆಂಬರಿನಲ್ಲಿ ಅವರು ನೆಹರೂ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಹಿಂದೂ ಕೋಡ್ ಬಿಲ್ಲನ್ನು ಕೈಬಿಟ್ಟದ್ದು, ಪರಿಶಿಷ್ಟರ ಬಗ್ಗೆ ಸರ್ಕಾರದ ಉಪೇಕ್ಷೆ, ವಿದೇಶಾಂಗ ನೀತಿ, ಹೀಗೆ ಒಂದೊಂದೇ ಕಾರಣ ಬರೆದರು. ಬರೆಯುವಾಗಲೇ, ಕಾಯಿಲೆಯಿಂದ ಬಿಟ್ಟನೆಂದು ಯಾರೂ ತಿಳಿಯಬೇಡಿ, ಕಾಯಿಲೆಗಾಗಿ ಕರ್ತವ್ಯ ಬಿಡುವ ಜಾತಿಯವನಲ್ಲ ನಾನು ಎಂಬ ಅರ್ಥದ ಮಾತನ್ನೂ ಸೇರಿಸಿದರು. ಊಹಾಪೋಹದ ಬಾಯಿಗೆ ಮೊದಲೇ ಬೀಗ ಜಡಿದರು. ಆ ಹೇಳಿಕೆಯನ್ನು ಸಂಸತ್ತಿನಲ್ಲಿ ಓದಲಿಕ್ಕೆ ಹೊರಟರೆ, ಪ್ರತಿಯನ್ನು ಮೊದಲೇ ಕೊಡಬೇಕೆಂದು ತಡೆದರು. ಹೊರಗೆ ಬಂದು ಪತ್ರಿಕೆಗಳಿಗೆ ಕೊಟ್ಟರು. ನಮ್ಮವನು ಹೊರಗೆ ಹೋಗುವಾಗಲೂ ಅವನ ಮಾತು ಮೊದಲು ತಪಾಸಣೆ ಆಗಬೇಕು!

ಮೈದಾನದಲ್ಲೂ ಇದೇ ಕತೆ. ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ, ಚಮ್ಮಾರರ ಮಗ, ಆ ಕಾಲದ ದೊಡ್ಡ ಸ್ಪಿನ್ ಬೌಲರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಕಿತ್ತರು. ಪುಣೆಯಲ್ಲಿ ಹಿಂದೂ ತಂಡದವರು ಚೆಂಡನ್ನು ಅವರ ಕೈಯಿಂದ ತೆಗೆದುಕೊಂಡರು, ಚಹಾವನ್ನು ಮಾತ್ರ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಲೋಟದಲ್ಲಿ ಕೊಟ್ಟರು. ನಾಯಕತ್ವ ಕೊಡಲೇ ಇಲ್ಲ. 1920ರಲ್ಲಿ ತಮ್ಮ ವಿಠ್ಠಲನಿಗೂ ನಾಯಕತ್ವ ತಪ್ಪಿಸಿದಾಗ ವಿಠ್ಠಲ್ ಮತ್ತು ಶಿವರಾಮ್ ತಂಡದಿಂದ ಹೊರನಡೆದರು. ಸುಮ್ಮನೆ ಹೋಗಲಿಲ್ಲ, ಜಾತಿಯೇ ಕಾರಣ ಅಂತ ಬಹಿರಂಗವಾಗಿ ಬರೆದಿಟ್ಟು ಹೋದರು. 1923ರಲ್ಲಿ ವಿಠ್ಠಲ್ ಅದೇ ತಂಡದ ನಾಯಕರಾದರು. ಆಡುತ್ತಾ ಸಿಗದ್ದು ಆಟ ನಿಲ್ಲಿಸಿದ ಮೇಲೆ ಸಿಕ್ಕಿತು.

ಇನ್ನು ಕೆಲವರು ಬಿಟ್ಟದ್ದಲ್ಲ, ಬಿಡಿಸಿದ್ದು. ತಮಿಳುನಾಡಿನ ದಲಿತ ಹುಡುಗಿ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ದರು. ಹೆಣ್ಣು ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಆಮೇಲೆ ಆಕೆ ಇಟ್ಟಿಗೆ ಗೂಡಿನಲ್ಲಿ ದುಡಿದರು. ಆ ಓಟಗಾರ್ತಿಗೆ ವಿದಾಯ ಭಾಷಣ ಯಾರೂ ಏರ್ಪಡಿಸಲಿಲ್ಲ.

ಬಿಡಲಿಕ್ಕೇ ಆಗದವರ ಕತೆ ನಮ್ಮ ತುಳುನಾಡಿನದ್ದೇ ಉಂಟು. ಕಂಬಳದ ಗದ್ದೆಯಲ್ಲಿ ಕೋಣ ಓಡುವ ಮೊದಲು ಕೊರಗರನ್ನು ಓಡಿಸುತ್ತಿದ್ದರು. ಕೆಸರಿನಲ್ಲಿ ಗಾಜೋ ಮುಳ್ಳೋ ಇದ್ದರೆ ಮೊದಲು ಕೊರಗನ ಕಾಲಿಗೆ ಚುಚ್ಚಲಿ, ಕೋಣದ ಕಾಲಿಗೆ ಬೇಡ. ಇದಕ್ಕೆ ಅಜಲು ಅಂತ ಹೆಸರು, ಸಂಪ್ರದಾಯ ಅಂತ ಬಿರುದು. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವುದೂ ಅಜಲೇ. ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಬಂದದ್ದು 2000ದಲ್ಲಿ. ಆ ಕಾಯ್ದೆಯೊಳಗೇ ಬರೆದುಕೊಂಡಿದೆ, ಕಂಬಳದ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದು ಅಪರಾಧ ಅಂತ. ಆ ಓಟಗಾರ ಒಂದು ವರ್ಷ ನಾನು ಓಡುವುದಿಲ್ಲ ಅಂದಿದ್ದರೆ? ಆಗ ಯಾರೂ ಊಹಾಪೋಹ ಮಾಡುತ್ತಿರಲಿಲ್ಲ. ಕೋಲು ತೆಗೆಯುತ್ತಿದ್ದರು.

ಅದೇ ಕಂಬಳದ ಇನ್ನೊಂದು ಸುದ್ದಿ ಜಗತ್ತೆಲ್ಲ ಹೋಯಿತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದವರು. ಉಸೇನ್ ಬೋಲ್ಟ್ ಅಂದರು, ಕೇಂದ್ರ ಮಂತ್ರಿಯೇ ಟ್ರಯಲ್ಸಿಗೆ ಕರೆದರು. ಅವರು ಒಲ್ಲೆ ಅಂದರು, ಕಂಬಳವೇ ಸಾಕು ಅಂದರು. ತಕ್ಷಣ ಶುರುವಾಯಿತು: ಹೆದರಿದ, ಅವಕಾಶ ಹಾಳುಮಾಡಿಕೊಂಡ. ಕೋಣದ ಹಗ್ಗ ಹಿಡಿದು ಕೆಸರಲ್ಲಿ ಓಡುವುದೂ ಸ್ಪೈಕ್ಸ್ ತೊಟ್ಟು ಟ್ರ್ಯಾಕಿನಲ್ಲಿ ಓಡುವುದೂ ಬೇರೆ ಅಂತ ಗೊತ್ತಿದ್ದವರು ಓಡುವವರೇ. ಅವರ ಕಾಲಿನ ವಿಷಯದಲ್ಲಿ ಅವರ ಮಾತೇ ಕೊನೆಯದು ಅಂತ ಒಪ್ಪಲು ಟಿವಿಯವರಿಗೆ ಕಷ್ಟವಾಯಿತು.

ಕನ್ನಡ ಪತ್ರಿಕೆಗಳು ಇಂಥ ಸುದ್ದಿಗೆಲ್ಲ ಹಾಕುವ ಶಬ್ದ 'ನಿವೃತ್ತಿ'. ಪ್ರವೃತ್ತಿ ಮುಗಿಸಿ ವಾನಪ್ರಸ್ಥಕ್ಕೆ ಹೋಗುವವರು ಕಟ್ಟಿದ ಶಬ್ದ ಅದು. ಮೊದಲು ಮನೆ, ಮಕ್ಕಳು, ಆಸ್ತಿ ಎಲ್ಲ ಆಗಿರಬೇಕು; ಆಮೇಲೆ ನಿವೃತ್ತಿ. ಭೂಮಿಯ ಜೊತೆಗೆ ಮೂಲದಾಳನ್ನೂ ಮಾರಿದ, ಅಡವಿಟ್ಟ ಈ ಜಿಲ್ಲೆಯಲ್ಲಿ ನಮ್ಮ ಹಿರಿಯರಿಗೆ ಗೊತ್ತಿದ್ದ ಶಬ್ದ ಬೇರೆ: ಬಿಡುಗಡೆ. ಜೀತ ರದ್ದಾದ 1976ರ ಕಾಯ್ದೆಗೂ ನಾವು ಕೇಳಿದ್ದು ಅದೇ ಶಬ್ದ. ನಿವೃತ್ತಿಗೆ ಪಿಂಚಣಿ ಉಂಟು, ಶಾಲು ಉಂಟು, ಹಾರ ಉಂಟು. ಬಿಡುಗಡೆಗೆ ಜಗಳ ಮಾಡಬೇಕು.

ಕೊನೆಗೆ ನನ್ನದೇ ಒಂದು ತಪ್ಪು ಹೇಳಬೇಕು. ನಮ್ಮ ಕಾಲನಿಯಲ್ಲಿ ಒಬ್ಬಳು ಹುಡುಗಿ ಕಬಡ್ಡಿ ಆಡುತ್ತಿದ್ದಳು. ರೈಡಿಗೆ ಹೋದರೆ ಮುಟ್ಟದೆ ಬರುವವಳಲ್ಲ. ಜಿಲ್ಲೆಯವರೆಗೆ ಹೋದಳು. ಮುಂದಿನ ಆಯ್ಕೆಗೆ ಹದಿನೈದು ದಿನ ಇರುವಾಗ ಅಭ್ಯಾಸಕ್ಕೆ ಬರುವುದು ನಿಲ್ಲಿಸಿದಳು. ಊರೆಲ್ಲ ಏನೋ ಉಂಟು ಅಂದಿತು. ಯಾವನೋ ಹುಡುಗನ ಹೆಸರು ಸೇರಿಸಿತು. ಸಂಘದ ಸಭೆಯಲ್ಲಿ ನಾನೂ ಭಾಷಣ ಮಾಡಿದೆ, ನಮ್ಮ ಹೆಣ್ಣುಮಕ್ಕಳಿಗೆ ಛಲ ಸಾಲದು ಅಂತ. ಅವಳನ್ನು ಮಾತ್ರ ಕೇಳಲಿಲ್ಲ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ರಬ್ಬರ್ ತೋಟದ ದಾರಿಯಲ್ಲಿ ಸಿಕ್ಕಿದಳು. ತಲೆಗೆ ಟಾರ್ಚು ಕಟ್ಟಿಕೊಂಡು, ಕೈಯಲ್ಲಿ ಟ್ಯಾಪಿಂಗ್ ಕತ್ತಿ. ಅವಳ ಅಮ್ಮನ ಮೊಣಕಾಲು ಹೋದ ಮೇಲೆ ಆ ಮರಗಳು ಅವಳ ಪಾಲಿಗೆ ಬಂದಿದ್ದವು. ರಬ್ಬರ್ ಮರವನ್ನು ಬಿಸಿಲು ಏರುವ ಮೊದಲೇ ಕೆತ್ತಬೇಕು, ತಡವಾದರೆ ಹಾಲು ಸರಿ ಇಳಿಯುವುದಿಲ್ಲ. ಆಮೇಲೆ ಹಾಲು ಒಟ್ಟು ಮಾಡಬೇಕು, ಆಸಿಡ್ ಹಾಕಿ ಹೆಪ್ಪು ಹಿಡಿಸಬೇಕು, ಶೀಟು ಒತ್ತಬೇಕು. ಕಬಡ್ಡಿ ಅಭ್ಯಾಸವೂ ಬೆಳಿಗ್ಗೆ ಐದಕ್ಕೇ ಇತ್ತು. "ಬೆಳಿಗ್ಗೆ ಐದು ಗಂಟೆ ಒಂದೇ ಅಲ್ವಾ ಅಣ್ಣ" ಅಂದಳು. ಸಿಟ್ಟಿನಿಂದಲೂ ಅಲ್ಲ, ದುಃಖದಿಂದಲೂ ಅಲ್ಲ. ಹೊತ್ತಾಗುತ್ತದೆ ಅಂತ ಹೋದಳು.

ಟೆನಿಸ್ ಚೆಂಡಿನ ಮೇಲಿನ ರೋಮ ಕಿತ್ತರೆ ಒಳಗಿರುವುದು ರಬ್ಬರು.

ಬಾರ್ಟಿಗೆ ಬಹುಮಾನದ ಹಣವೇ ಎರಡು ಕೋಟಿ ಡಾಲರಿಗೆ ಮಿಕ್ಕಿ ಬಂದಿತ್ತು. ಅದನ್ನು ಮರೆಸಿ ಆಕೆಯನ್ನು ನಮ್ಮ ಹುಡುಗಿಯ ಪಕ್ಕ ನಿಲ್ಲಿಸುವುದು ಮೋಸ. ಒಬ್ಬರಿಗೆ ಆಟ ಸಾಕಾಯಿತು, ಒಬ್ಬಳಿಗೆ ಆಟ ಬೇಕಿತ್ತು. ಇಬ್ಬರ ವಿಷಯದಲ್ಲೂ ಸಮಾನವಾದದ್ದು ಒಂದೇ: ಅವರ ಬಾಯಿಂದ ಬಂದ, ಅಥವಾ ಕೇಳಿದ್ದರೆ ಬರಬಹುದಾಗಿದ್ದ ಕಾರಣ ಯಾರಿಗೂ ಸಾಕಾಗಲಿಲ್ಲ. ಆದರೆ ಹಣದ ಮಾತು ಮುಖ್ಯ. ಸಾಕು ಅನ್ನಲಿಕ್ಕೆ ಮನೆಯಲ್ಲಿ ಅಕ್ಕಿ ಇರಬೇಕು.

ನಾವು ಇಷ್ಟು ವರ್ಷ ಕೇಳಿದ್ದು ಒಳಗೆ ಹೋಗುವ ಹಕ್ಕು. ಶಾಲೆಯೊಳಗೆ, ದೇವಸ್ಥಾನದೊಳಗೆ, ಹೋಟೆಲಿನೊಳಗೆ, ಮೈದಾನದೊಳಗೆ. ಅದನ್ನು ಇನ್ನೂ ಕೇಳಬೇಕು, ಮುಗಿದಿಲ್ಲ. ಅದರ ಜೊತೆಗೆ ಇನ್ನೊಂದನ್ನೂ ಕೇಳೋಣ ಗೆಳೆಯರೆ. ಮೊಣಕಾಲು ಹೋದ ತಾಯಿ ಮರ ಕೆತ್ತುವುದನ್ನು ಬಿಟ್ಟರೆ ಅವಳಿಗೆ ಪಿಂಚಣಿ ಬರಲಿ, ಆ ಮರ ಮಗಳ ತಲೆಗೆ ಬರದಿರಲಿ. ಮಗಳು ಆಡಲಿ, ಸಾಕಾದ ದಿನ ಸಾಕು ಅನ್ನಲಿ. ಅಂದಾಗ ನಾವು ಭಾಷಣ ಮಾಡುವ ಮೊದಲು ಅವಳ ಮನೆಗೆ ಹೋಗಿ ಕೂತು, ಏನಾಯಿತು ಮಗ ಅಂತ ಕೇಳೋಣ. ಅವಳು ಹೇಳಿದ್ದನ್ನು ನಂಬೋಣ.