ಮೂಳೆಗೂ ಸ್ಟ್ಯಾಟಿನ್: ಉಬ್ಬಿದ ಖ್ಯಾತಿಯೊಂದರ ಲೆಕ್ಕ

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಮೂಳೆಯನ್ನೂ ಗಟ್ಟಿ ಮಾಡುತ್ತದೆ ಎಂಬ ಮಾತು ಇಪ್ಪತ್ತೈದು ವರ್ಷಗಳಿಂದ ಚಾಲ್ತಿಯಲ್ಲಿದೆ. ಅದಕ್ಕೆ ಸಿಕ್ಕ ಮನ್ನಣೆ ಅದರ ಯೋಗ್ಯತೆಗೆ ಮೀರಿದ್ದು.

1999ರ ಕೊನೆಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಗ್ರೆಗರಿ ಮಂಡಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಗೊತ್ತಿರುವುದೇ. ಮೂವತ್ತು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನು ಜಾಲಾಡಿದಾಗ ಲೊವಾಸ್ಟ್ಯಾಟಿನ್ ಕೈಗೆ ಸಿಕ್ಕಿತು. ಇಲಿಯ ತಲೆಬುರುಡೆಯ ಮೇಲೆ ಚರ್ಮದಡಿ ಚುಚ್ಚಿದರೆ ಹೊಸ ಮೂಳೆ ಬೆಳೆಯಿತು. ಆ ಪ್ರಯೋಗದ ಬಗ್ಗೆ ನನಗೆ ಗೌರವವಿದೆ. ತಕರಾರಿರುವುದು ಮುಂದಿನ ವರ್ಷ ‘ಜಾಮಾ’ದಲ್ಲಿ ಬಂದ ಮೈಯರ್ ತಂಡದ ಅಧ್ಯಯನದ ಬಗ್ಗೆ, ಅದರಲ್ಲೂ ಒಂದೇ ಒಂದು ಸಂಖ್ಯೆಯ ಬಗ್ಗೆ.

ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಿಂದ ಮೂಳೆ ಮುರಿದುಕೊಂಡ 3,940 ಜನರನ್ನೂ ಮುರಿದುಕೊಳ್ಳದ 23,379 ಜನರನ್ನೂ ಆರಿಸಿ, ಯಾರು ಸ್ಟ್ಯಾಟಿನ್ ತಿನ್ನುತ್ತಿದ್ದರು ಎಂದು ಹೋಲಿಸಿದರು. ಒಟ್ಟಾರೆ ಅನುಪಾತ 0.55, ಅಂದರೆ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದಂತೆ. ತೊಡೆಮೂಳೆಯ ಮುರಿತಕ್ಕೆ ಮಾತ್ರ ಅದು 0.12. ಇದನ್ನು ನಂಬುವುದಾದರೆ ನೂರು ಮುರಿತಗಳಲ್ಲಿ ಎಂಬತ್ತೆಂಟನ್ನು ಒಂದು ಕೊಲೆಸ್ಟರಾಲ್ ಮಾತ್ರೆ ತಪ್ಪಿಸುತ್ತದೆ. ಮೂಳೆ ಸವೆತಕ್ಕೆಂದೇ ತಯಾರಾದ ಅಲೆಂಡ್ರೊನೇಟ್ 1996ರ ದೊಡ್ಡ ಪರೀಕ್ಷೆಯಲ್ಲಿ ಸೊಂಟದ ಮುರಿತವನ್ನು ಅರ್ಧಕ್ಕಿಳಿಸಿತ್ತು, ಅಷ್ಟೇ. ಬೇರೆ ಕೆಲಸಕ್ಕೆ ಬಂದ ಮಾತ್ರೆ ಅದನ್ನು ಇಷ್ಟು ದೂರ ಹಿಂದೆ ಹಾಕಿತೆಂದರೆ ಹಿಗ್ಗುವ ಮೊದಲು ಅನುಮಾನ ಪಡಬೇಕಿತ್ತು. ಆ 0.12ರ ಹರವು 0.04ರಿಂದ 0.41ರವರೆಗೆ, ಇಷ್ಟು ಅಗಲದ ಹರವು ಅದರ ಹಿಂದಿದ್ದ ಪ್ರಕರಣಗಳು ಎಷ್ಟು ಕಡಿಮೆ ಎಂಬುದನ್ನೂ ಹೇಳುತ್ತದೆ.

ತೂಕ, ಧೂಮಪಾನ, ವೈದ್ಯರ ಭೇಟಿ, ಸ್ಟೀರಾಯ್ಡ್, ಈಸ್ಟ್ರೋಜೆನ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದರು, ನಿಜ. ಆದರೆ ತಪ್ಪದೆ ಮಾತ್ರೆ ನುಂಗುವವರ ಸ್ವಭಾವ ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಡಾರ್ಮತ್ ತಂಡ 2009ರಲ್ಲಿ ಇದನ್ನು ನಿಚ್ಚಳವಾಗಿ ತೋರಿಸಿತು: ಸ್ಟ್ಯಾಟಿನ್ ಅನ್ನು ಶಿಸ್ತಾಗಿ ತೆಗೆದುಕೊಂಡವರಿಗೆ ವಾಹನ ಅಪಘಾತಗಳೂ ಕೆಲಸದ ಜಾಗದ ಅವಘಡಗಳೂ ಕಡಿಮೆ. ಮಾತ್ರೆ ಯಾರ ಸ್ಟಿಯರಿಂಗನ್ನೂ ಹಿಡಿಯುವುದಿಲ್ಲ; ಜೋಪಾನದಿಂದ ಬದುಕುವವರು ಮಾತ್ರೆಯನ್ನೂ ಜೋಪಾನವಾಗಿ ನುಂಗುತ್ತಾರೆ. ಮೂಳೆಯ ಚರ್ಚೆಯಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದ ಪ್ರಬಂಧವಿದು. ಓದಿದವರು ಕಡಿಮೆ ಎಂಬುದು ನನ್ನ ದೂರು.

ಇನ್ನೂ ನೇರವಾದ ಉತ್ತರ 2001ರಲ್ಲೇ ಬಂದಿತ್ತು. ಅದೇ ಬ್ರಿಟಿಷ್ ದಾಖಲೆಗಳಿಂದ ವಾನ್ ಸ್ಟಾ ತಂಡ 81,880 ಮುರಿತಗಳನ್ನು ಅಷ್ಟೇ ಸಂಖ್ಯೆಯ ಮುರಿತವಿಲ್ಲದವರೊಂದಿಗೆ ಹೋಲಿಸಿತು. ಅನುಪಾತ 1.01. ಮೈಯರ್ ತಂಡ ಕೊಲೆಸ್ಟರಾಲ್ ಮಾತ್ರೆ ತಿನ್ನುವವರು, ಕೊಲೆಸ್ಟರಾಲ್ ಹೆಚ್ಚಿದ್ದೂ ತಿನ್ನದವರು, ಎರಡೂ ಅಲ್ಲದವರು ಎಂದು ಮೂರು ಗುಂಪು ಕಟ್ಟಿಕೊಂಡು ಅದರೊಳಗೆ ಹುಡುಕಿತ್ತು. ವಾನ್ ಸ್ಟಾ ತಂಡದಲ್ಲಿ ಜನರನ್ನು ಆರಿಸುವ ರೀತಿ ಬದಲಾಯಿತು, ಲಾಭವೂ ಮಾಯವಾಯಿತು.

ಇಲ್ಲಿ ಕೆಲವು ವಿಮರ್ಶಕರ ಜೊತೆ ಜಗಳವಾಡಲೇಬೇಕು. ಚೀಟಿ ಎತ್ತಿದಂತೆ ಹಂಚಿ ಮಾಡಿದ ಪರೀಕ್ಷೆಗಳು ಹೃದಯಕ್ಕಾಗಿ ನಡೆದವು, ಮುರಿತ ಅಲ್ಲಿ ಪಕ್ಕದ ವಿಷಯ, ಹಾಗಾಗಿ ಪ್ರಶ್ನೆ ಇನ್ನೂ ತೆರೆದೇ ಇದೆ ಎನ್ನುತ್ತಾರೆ ಅವರು. ಆದರೆ ಅಂಥದ್ದೇ ಒಂದು ಹೃದಯ ಪರೀಕ್ಷೆಯಾದ ಜುಪಿಟರ್‌ನಲ್ಲಿ ಮುರಿತವನ್ನೂ ಎಣಿಸಬೇಕೆಂದು ಮೊದಲೇ ಬರೆದಿಟ್ಟಿದ್ದರು. 17,802 ಜನರಲ್ಲಿ ರೊಸುವಾಸ್ಟ್ಯಾಟಿನ್ ಪಡೆದವರಿಗೆ 221 ಮುರಿತ, ಹುಸಿ ಮಾತ್ರೆಯವರಿಗೆ 210. ಮುರಿತ ಬಿಟ್ಟು ಮೂಳೆಯ ಸಾಂದ್ರತೆಯನ್ನೇ ನೋಡೋಣ ಎಂದರೆ 2007ರ ಪರೀಕ್ಷೆಯಿದೆ: ಮುಟ್ಟು ನಿಂತ 626 ಮಹಿಳೆಯರು, 10ರಿಂದ 80 ಮಿಲಿಗ್ರಾಂವರೆಗೆ ಅಟೊರ್ವಾಸ್ಟ್ಯಾಟಿನ್, ಒಂದು ವರ್ಷ. ಯಾವ ಪ್ರಮಾಣದಲ್ಲೂ ಮೂಳೆ ದಟ್ಟವಾಗಲಿಲ್ಲ. ಇಷ್ಟಾದ ಮೇಲೂ ಬಾಗಿಲು ತೆರೆದಿದೆ ಎನ್ನುವುದು ವಿಜ್ಞಾನದ ವಿನಯವಲ್ಲ, ಹಠ.

ಕಾರಣವೂ ದೇಹದಲ್ಲೇ ಇದೆ. ಸ್ಟ್ಯಾಟಿನ್, ಅಲೆಂಡ್ರೊನೇಟ್ ಎರಡೂ ಮೆವಲೊನೇಟ್ ಎಂಬ ಒಂದೇ ಸರಣಿಯನ್ನು ಬೇರೆಬೇರೆ ಹಂತದಲ್ಲಿ ತಡೆಯುತ್ತವೆ. ಆದರೆ ಅಲೆಂಡ್ರೊನೇಟ್ ನೇರ ಮೂಳೆಯ ಖನಿಜಕ್ಕೆ ಅಂಟುತ್ತದೆ. ನುಂಗಿದ ಸಿಂವಾಸ್ಟ್ಯಾಟಿನ್‌ನ ಬಹುಪಾಲನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಹಿಡಿದಿಡುತ್ತದೆ. ಇಲಿಯ ಬುರುಡೆಗೆ ಚುಚ್ಚಿದ್ದಕ್ಕೂ ಮನುಷ್ಯ ನುಂಗಿದ್ದಕ್ಕೂ ಇರುವ ಅಂತರವೇ ಇದು.

ರಕ್ತದ ಕೊಲೆಸ್ಟರಾಲಿಗೂ ಮೂಳೆಗೂ ನಂಟೇ ಇಲ್ಲವೆಂದಲ್ಲ. ಮುಟ್ಟು ನಿಂತು ಈಸ್ಟ್ರೋಜೆನ್ ಇಳಿದಾಗ ಎಲ್‌ಡಿಎಲ್ ಕೊಲೆಸ್ಟರಾಲ್ ಏರುತ್ತದೆ, ಮೂಳೆಯೂ ಸವೆಯುತ್ತದೆ. ಎರಡೂ ಒಂದೇ ಕಾರಣದಿಂದ ಆಗುವಂಥವು. ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ಸರಿಹೋಗದು. ಹೃದಯಕ್ಕೆ ಸ್ಟ್ಯಾಟಿನ್ ಬೇಕಾದವರು ಖಂಡಿತ ತೆಗೆದುಕೊಳ್ಳಲಿ. ಆದರೆ ಅದನ್ನು ನಂಬಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನನ್ನೂ ಮೂಳೆಯ ಔಷಧಿಯನ್ನೂ ಮುಂದೂಡಿದರೆ, 0.12ರ ಬೆಲೆ ತೆರುವುದು ಸೊಂಟ ಮುರಿದುಕೊಳ್ಳುವ ಅಜ್ಜಿ.